ಡಬ್ಲ್ಯು. ಎಫ್. ಸ್ಮೀತ್

ಮಂಡ್ಯ, ಮದ್ದೂರು, ಮಳವಳ್ಳಿಗಳ ಬಂಡೆಗಳಲ್ಲಿ ಕಪ್ಪು ಬಿಳುಪಿನ ಪಟ್ಟೆಗಳನ್ನು ನಾವು ಕಾಣುತ್ತೇವೆ. ಈ ಶಿಲೆಗೆ 1916ರಲ್ಲಿ ‘ಪೆನಿನ್ಸುಲರ್ ನೈಸ್’ ಎಂದು ಹೆಸರಿತ್ತವರು ಡಬ್ಲ್ಯು. ಎಫ್. ಸ್ಮೀತ್. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಸ್ಥಾಪಿತವಾದ ಭೂವಿಜ್ಞಾನ ಇಲಾಖೆಯ ಮುಖ್ಯಸ್ಥರಾಗಿ ಅವರು ದೀರ್ಘಕಾಲ ಶ್ರಮಿಸಿದರು. ಸಂಪತ್ ಐಯ್ಯಂಗಾರರೊಡನೆ ಸಂಸ್ಥಾನದ ಖನಿಜಸಂಪತ್ತನ್ನು ಕುರಿತು ಗ್ರಂಥ ರಚಿಸಿದರು.

ನೈಸ್ ಶಿಲೆಯೇ ಧಾರವಾಡ ಶಿಲೆಗಳ ತಳಹದಿಯೆಂದು ಬ್ರೂಸ್ ಫೂಟ್ ಹಿಂದೆ ತಿಳಿಸಿದ್ದರು. ಸ್ಮೀತ್ ಇದನ್ನು ಒಪ್ಪಲಿಲ್ಲ. ಧಾರವಾಡ ಶಿಲೆಗಳೇ ಹಿರಿಯವು, ಕರಗಿದ ನೈಸ್ ಅವುಗಳೊಳಗೆ ನುಗ್ಗಿತು ಎಂಬುದು ಅವರ ಮತ. ಮುಂದೆ ಕಾಲಗಣನೆಯಿಂದ, ನೈಸ್‌ನ ಹಲವು ಭಾಗಗಳು 300 ಕೋಟಿ ವರ್ಷಗಳಿಗೂ ಹಳೆಯವೆಂದೂ ಧಾರವಾಡ ಶಿಲೆಗಳಿಗಿಂತ ಹಿರಿಯವೆಂದೂ ತಿಳಿಯಿತು. ಆದರೂ ಕರಗುವಿಕೆಯ ವಿಚಾರ ವ್ಯರ್ಥವಾಗಲಿಲ್ಲ. ಭೂಗರ್ಭದ ತಾಪದಲ್ಲಿ ಶಿಲೆ ಭಾಗಶಃ ಕರಗಿದಾಗ ಬೇರ್ಪಟ್ಟ ದ್ರವವೇ ಹಲವು ಬಿಳಿಯ ಪಟ್ಟೆಗಳಾಗಿ ಹೆಪ್ಪುಗಟ್ಟಿದೆ. ಸ್ಮೀತರ ಮತ ಬದಲಾಯಿತು. ಅವರಿತ್ತ ಹೆಸರು ಉಳಿಯಿತು.