ಐದು ಬೆರಳಿನ ಬೋದೋ

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಉಂಟಾದರೆ ಒಮ್ಮೆ ಟರ್ಮಿನಲ್ ತೆರೆಯಿರಿ. ಎಸ್‌ಟಿಟಿವೈ ಎಂದು ಹೊಡೆದು, ಒಂದು ಸ್ಪೇಸ್ ಬಿಟ್ಟು, ಮೈನಸ್ ಎ ಹಾಕಿ ಎಂಟರ್ ಒತ್ತಿ. ಮೊದಲ ಸಾಲಿನಲ್ಲೇ ವೇಗ 38400 ಬಾಡ್ ಎಂದು ಸಾಮಾನ್ಯವಾಗಿ ಬರುತ್ತದೆ. ತಂತಿಯೂ ಇಲ್ಲ, ಮೋಡೆಮ್ಮೂ ಇಲ್ಲ, ಇದೆಂತ ಬಾಡ್ ಮಾರಾಯ್ರೆ ಎಂದು ನಾವೂ ತಲೆ ಕೆರೆದುಕೊಂಡವರೇ. ಆ ಸಂಖ್ಯೆಗೆ ಈಗ ಅಂಥ ಅರ್ಥವೇನಿಲ್ಲ, ಹಳೇ ರೂಢಿಗೆ ಅಲ್ಲಿ ಕೂತಿದೆ ಅಷ್ಟೆ. ಅದರ ಪಕ್ಕದ ಪದ ಮಾತ್ರ ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು: ಎಮಿಲ್ ಬೋದೋ.

ಬೋದೋ ಹುಟ್ಟಿದ್ದು 1845ರ ಸೆಪ್ಟೆಂಬರ್ 11ರಂದು, ಫ್ರಾನ್ಸಿನ ಮಾನ್ಯೋ ಎಂಬ ಹಳ್ಳಿಯಲ್ಲಿ. ಅಪ್ಪ ಬೇಸಾಯಗಾರ. ಓದಿದ್ದು ಊರಿನ ಪ್ರಾಥಮಿಕ ಶಾಲೆಯಲ್ಲಿ, ಅಲ್ಲಿಗೇ ಓದು ಮುಗಿಯಿತು. ಆಮೇಲೆ ಗದ್ದೆ ಕೆಲಸ. 1869ರಲ್ಲಿ ತಂತಿ ಇಲಾಖೆಗೆ ಕಲಿಕೆಯ ನೌಕರನಾಗಿ ಸೇರಿದರು. ಇಂಜಿನಿಯರಿಂಗ್ ಸೀಟಿಗಾಗಿ ಎರಡು ವರ್ಷ ಕೋಚಿಂಗ್ ಕೂತ ನಮಗೆ ಇದನ್ನು ಓದುವಾಗ ಸ್ವಲ್ಪ ನಾಚಿಕೆಯಾದದ್ದು ಹೌದು.

ಇಲಾಖೆ ಅವರಿಗೆ ಮೋರ್ಸ್ ಕಲಿಸಿತು, ಹ್ಯೂಸ್ ಎಂಬವರ ಅಚ್ಚು ಹಾಕುವ ಯಂತ್ರವನ್ನೂ ಕಲಿಸಿತು. ಮೋರ್ಸ್‌ನಲ್ಲಿ ಒಂದು ತೊಡಕುಂಟು. 'ಇ'ಗೆ ಒಂದೇ ಚುಕ್ಕೆ, 'ಕ್ಯೂ'ಗೆ ನಾಲ್ಕು ಗುರುತು. ಒಂದೊಂದು ಅಕ್ಷರ ಒಂದೊಂದು ಉದ್ದ. ಕಿವಿಗೆ ಅದು ಸರಿ, ಯಂತ್ರಕ್ಕೆ ಕಷ್ಟ: ಒಂದು ಅಕ್ಷರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಗೆ ಹೇಳುವುದು? ಬೋದೋ ಎಲ್ಲ ಅಕ್ಷರಕ್ಕೂ ಒಂದೇ ಅಳತೆ ಇಟ್ಟರು, ಐದು ಹೌದು-ಇಲ್ಲಗಳು. ನಮ್ಮ ಭಾಷೆಯಲ್ಲಿ ಐದು ಬಿಟ್. ಒಟ್ಟು 32 ಸಂಕೇತ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಅಷ್ಟರಲ್ಲಿ ಹಿಡಿಯದ್ದಕ್ಕೆ ಶಿಫ್ಟ್ ಸಂಕೇತ ಇಟ್ಟರು. ಅದು ಬಂದ ಮೇಲೆ ಅದೇ ಐದು ಬಿಟ್‌ಗೆ ಬೇರೆ ಅರ್ಥ.

ಈ ಸಂಕೇತ ಕಳಿಸುವ ಕೀಲಿಮಣೆಯಲ್ಲಿ ಇದ್ದದ್ದು ಐದೇ ಕೀಲಿ. ಎಡಗೈಗೆ ಎರಡು, ಬಲಗೈಗೆ ಮೂರು. ನೌಕರ ಅಕ್ಷರವನ್ನು ಒತ್ತುತ್ತಿರಲಿಲ್ಲ, ಬಿಟ್‌ಗಳನ್ನೇ ಒತ್ತುತ್ತಿದ್ದ. ಕನ್ನಡದವರಿಗೆ ಖುಷಿಯಾಗುವ ಸಂಗತಿ ಒಂದಿದೆ: ಸ್ವರಗಳೆಲ್ಲ ಬಲಗೈಯ ಮೂರು ಬೆರಳಲ್ಲೇ ಮುಗಿಯುತ್ತಿದ್ದವು, ವ್ಯಂಜನಕ್ಕೆ ಎಡಗೈ ಸೇರಬೇಕಿತ್ತು. ಕಲಿಯಲು ಸುಲಭವಾಗಲಿ ಎಂದು ಮಾಡಿದ ಜೋಡಣೆ.

ಇನ್ನು ತಂತಿ ಹಂಚಿಕೊಳ್ಳುವ ವಿಷಯ. ಉಡುಪಿ-ಕಾರ್ಕಳ ರೂಟಿನ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಸ್ತೆ ಒಂದೇ, ಬಸ್ಸು ಹತ್ತಾರು, ಪ್ರತಿಯೊಂದಕ್ಕೂ ಅದರದ್ದೇ ಟೈಮಿಂಗು. ನಿಮ್ಮ ನಿಮಿಷ ತಪ್ಪಿತೋ, ಹಿಂದಿನ ಬಸ್ಸಿನ ಕಂಡಕ್ಟರ್ ಬಂದು ಕೂಗಾಡುತ್ತಾನೆ. ಬೋದೋ ಮಾಡಿದ್ದೂ ಹಾಗೆಯೇ. ತಿರುಗುವ ಒಂದು ಹಂಚುಯಂತ್ರ ನಾಲ್ಕಾರು ನೌಕರರ ಕೀಲಿಮಣೆಗಳನ್ನು ಸರದಿಯಲ್ಲಿ ಒಂದೇ ತಂತಿಗೆ ಜೋಡಿಸುತ್ತಿತ್ತು. ಸರದಿ ಬಂದಾಗ ಖಟ್ ಎಂದು ಸದ್ದು. ಆ ತಾಳಕ್ಕೇ ಒತ್ತಬೇಕು, ಇಲ್ಲದಿದ್ದರೆ ಅವಕಾಶ ಖಾಲಿ ಹೋಯಿತು. ಒಬ್ಬೊಬ್ಬರ ವೇಗ ನಿಮಿಷಕ್ಕೆ ಸುಮಾರು 30 ಪದ. ಆಚೆ ತುದಿಯಲ್ಲಿ ಯಂತ್ರವೇ ಕಾಗದದ ಪಟ್ಟಿಯ ಮೇಲೆ ಅಕ್ಷರ ಮುದ್ರಿಸುತ್ತಿತ್ತು.

ಪೇಟೆಂಟ್ ಸಿಕ್ಕಿದ್ದು 1874ರ ಜೂನ್‌ನಲ್ಲಿ. 1877ರ ನವೆಂಬರ್‌ನಲ್ಲಿ ಪ್ಯಾರಿಸ್-ಬೋರ್ಡೋ ತಂತಿಯಲ್ಲಿ ಪರೀಕ್ಷೆ. 1878ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ಚಿನ್ನದ ಪದಕ. ಕೇಳಲು ಚಂದ. ಆದರೆ ಇಲಾಖೆಯಿಂದ ಹಣದ ನೆರವು ಸಿಕ್ಕಿದ್ದು ಅಷ್ಟಕ್ಕಷ್ಟೆ. ಎಷ್ಟೋ ಸಲ ತನ್ನ ಕೈಯಿಂದಲೇ ಖರ್ಚು ಮಾಡಿದರು. 1880ರಲ್ಲಿ ಆ ಚಿನ್ನದ ಪದಕವನ್ನೇ ಮಾರಿದರು. ಆರೋಗ್ಯವೂ ಕೈಕೊಡುತ್ತಿತ್ತು, ಒಮ್ಮೆ ತಿಂಗಳಿಡೀ ರಜೆ ಹಾಕಬೇಕಾಯಿತು. ಇದರ ಮೇಲೆ, ಅದೇ ಇಲಾಖೆಯ ಮಿಮೋ ಎಂಬವರು ಈ ಕಲ್ಪನೆ ಮೊದಲು ತನ್ನದು ಎಂದು ವ್ಯಾಜ್ಯಕ್ಕೆ ನಿಂತರು. ಅದು ಎಲ್ಲಿಗೆ ಹೋಯಿತೆಂದರೆ, ಮಿಮೋ ಕೊನೆಗೆ ಗುಂಡು ಹಾರಿಸಿ ರೆನೋ ಎಂಬ ಇಂಜಿನಿಯರನ್ನು ಕೊಂದೇಬಿಟ್ಟರು. ಬೋದೋ ಮದುವೆಯಾದದ್ದು 1890ರಲ್ಲಿ, 44ರ ಪ್ರಾಯದಲ್ಲಿ. ತೀರಿಹೋದದ್ದು 1903ರ ಮಾರ್ಚ್ 28ಕ್ಕೆ, ಪ್ಯಾರಿಸಿನ ಹತ್ತಿರದ ಸೋ ಎಂಬಲ್ಲಿ, 57ಕ್ಕೆ. ಬಾಡ್ ಎಂಬ ಅಳತೆ ಬಂದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ.

ನಾವು ಕಾಪು ಬೀಚಿಗೆ ಹೋಗಿ ಫೋಟೋ ಹೊಡೆದುಕೊಳ್ಳುವ ದೀಪಸ್ತಂಭ 1901ರದ್ದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನ್ಯೂಜಿಲೆಂಡಿನ ಡೊನಾಲ್ಡ್ ಮರ್ರೆ, ಬೋದೋ ಸಂಕೇತವನ್ನು ಟೈಪ್‌ರೈಟರ್ ಥರದ ಕೀಲಿಮಣೆಗೆ ಹೊಂದಿಸಿದರು. ಬಿಟ್ ಒತ್ತುವ ಕೆಲಸ ಬೆರಳಿನಿಂದ ಯಂತ್ರಕ್ಕೆ ಹೋಯಿತು. ಮುಂದೆ ಟೆಲಿಟೈಪ್ ಬಂತು, 1963ರಲ್ಲಿ ಏಳು ಬಿಟ್‌ನ ಆಸ್ಕಿ ಬಂತು. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಬರೆದವರು ಕೂತದ್ದು ಟೆಲಿಟೈಪ್ ಮಾಡೆಲ್ 33ರ ಮುಂದೆ. ಟಿಟಿವೈ ಎಂಬ ಹೆಸರು ಟೆಲಿಟೈಪಿನದ್ದೇ.

ಈಗ ನಮ್ಮ ಟರ್ಮಿನಲ್ ಎಂಬ ಕಿಟಕಿ ಆ ಯಂತ್ರಗಳ ವೇಷ ಹಾಕಿದ ಪ್ರೋಗ್ರಾಮು. ಒಳಗೆ ಕೂತ ಶೆಲ್ಲಿಗೆ ನಿಮ್ಮ ಕೀಲಿ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಕಂಟ್ರೋಲ್ ಹಿಡಿದು ಸಿ ಒತ್ತಿದರೆ 67ರ ಮೇಲಿನ ಬಿಟ್ ಅಳಿದು 3 ಹೋಗುತ್ತದೆ. ಮೇಲ್ಬಾಣಕ್ಕೆ ಆಸ್ಕಿಯಲ್ಲಿ ಜಾಗವೇ ಇಲ್ಲ. ಹಾಗಾಗಿ ಎಸ್ಕೇಪ್, ಚೌಕ ಬ್ರಾಕೆಟ್, ದೊಡ್ಡ ಎ ಹೀಗೆ ಮೂರು ಬೈಟ್. ಬೋದೋ ಶಿಫ್ಟಿನ ಉಪಾಯವೇ: ಮುಂದೆ ಬರುವುದನ್ನು ಬೇರೆ ರೀತಿ ಓದು ಎಂಬ ಸೂಚನೆ. ಬ್ಯಾಕ್‌ಸ್ಪೇಸ್ ಕೆಲವು ಕಡೆ 8 ಕಳಿಸುತ್ತದೆ, ಕೆಲವು ಕಡೆ 127. ಆಚೆಯವರು ಇನ್ನೊಂದನ್ನು ಕಾಯುತ್ತಿದ್ದರೆ ಅಳಿಸಲು ಹೋದಲ್ಲಿ ಟೊಪ್ಪಿ ಹಾಕಿದ ಎಚ್ ಮೂಡುತ್ತದೆ. ನಿಮ್ಮ ಕಿಟಕಿ ಯಾವ ಯಂತ್ರದ ವೇಷ ಹಾಕಿದೆ ಎಂದು ಹೇಳಲು ಟರ್ಮ್ ಎಂಬ ವೇರಿಯೇಬಲ್ ಉಂಟು. ದೂರದ ಸರ್ವರಿಗೆ ಲಾಗಿನ್ ಆದಾಗ ಆ ಹೆಸರು ಜೊತೆಗೆ ಹೋಗುತ್ತದೆ. ಅಲ್ಲಿನ ಪಟ್ಟಿಯಲ್ಲಿ ಅದಿಲ್ಲದಿದ್ದರೆ ಎಡಿಟರ್ ತೆರೆದ ಕೂಡಲೇ ಪರದೆ ಚಿತ್ರಾನ್ನ. ಪ್ರಾಜೆಕ್ಟ್ ಕೊಡುವ ಹಿಂದಿನ ರಾತ್ರಿಯೇ ಹೀಗಾಗುವುದು ಎಂಬುದು ನಮ್ಮ ಅನುಭವ. ಎರಡೂ ತುದಿಯವರ ಹತ್ತಿರ ಒಂದೇ ಪಟ್ಟಿ ಇರಬೇಕು ಎಂಬ ಬೋದೋ ಕಾಲದ ಷರತ್ತು ಇನ್ನೂ ಸಡಿಲವಾಗಿಲ್ಲ.

ಕನ್ನಡದ ಕೀಲಿಮಣೆಗೆ ಇಂಥದ್ದೇ ಕೆಲಸ ಮಾಡಿದ, ಮಣಿಪಾಲದವರಿಗೆ ಪರಿಚಿತರಾದ ಕೆ.ಪಿ. ರಾವ್ ಅವರ ಹೆಸರು ಇಲ್ಲಿ ಬರಲೇಬೇಕು. ಇರುವ ಇಂಗ್ಲಿಷ್ ಕೀಲಿಗಳಲ್ಲೇ ವ್ಯಂಜನಕ್ಕೆ ಸ್ವರ ಸೇರಿಸಿ ಗುಣಿತಾಕ್ಷರ ಮೂಡಿಸುವ ವಿನ್ಯಾಸ ಅವರದ್ದು. ಅವರು ಮಾಡಿದ ಸೇಡಿಯಾಪು ತಂತ್ರಾಂಶವನ್ನು ಉಚಿತವಾಗಿಯೇ ಹಂಚಿದರು.

ಟರ್ಮಿನಲ್ ಮುಚ್ಚುವ ಮುಂಚೆ ಇನ್ನೊಂದು ಮಾಡಿ ನೋಡಿ. ಕ್ಯಾಟ್ ಎಂದು ಹೊಡೆದು ಎಂಟರ್ ಒತ್ತಿ, ಕನ್ನಡದಲ್ಲಿ 'ಸ್ತ್ರೀ' ಎಂದು ಬರೆಯಿರಿ. ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡಿಗೆ ಆರು ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. ಈಗ ಬ್ಯಾಕ್‌ಸ್ಪೇಸ್ ಒತ್ತುತ್ತಾ ಹೋಗಿ. ಎಷ್ಟು ಸಲ ಬೇಕಾಯಿತು, ನಡುವೆ ಪರದೆ ಏನೇನು ತೋರಿಸಿತು ಎಂದು ನಮಗೂ ಬರೆದು ತಿಳಿಸಿ.