ದೀಪ ಹಿಡಿದ ಕೈಯ ದಣಿವು

ತೀವ್ರ ನಿಗಾ ಘಟಕಗಳಲ್ಲಿ ದಿನವೂ ಸಾವನ್ನು ಕಾಣುವ ದಾದಿಯರ, ವೈದ್ಯರ ಬಳಲಿಕೆಯ ಬಗ್ಗೆ 2020-21ರ ಕೋವಿಡ್ ಕಾಲದಲ್ಲಿ ನಾವು ಒಂದಿಷ್ಟು ಚರ್ಚಿಸಿದೆವು, ಅನಂತರ ಮರೆತೆವು. ಮೇ 12ರ ದಾದಿಯರ ದಿನದಂದು ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಸ್ಮರಿಸುವಾಗಲೂ ನಮಗೆ ಕಾಣುವುದು ದೀಪವೇ ಹೊರತು ಅದನ್ನು ಹಿಡಿದ ಕೈಯ ದಣಿವಲ್ಲ.

1820ರಲ್ಲಿ ಸಿರಿವಂತ ಇಂಗ್ಲಿಷ್ ಕುಟುಂಬದಲ್ಲಿ ಜನಿಸಿದ ನೈಟಿಂಗೇಲ್, ಕ್ರಿಮಿಯಾ ಯುದ್ಧದ ಸೈನಿಕರ ಶುಶ್ರೂಷೆಗೆಂದು 1854ರ ನವೆಂಬರ್‌ನಲ್ಲಿ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿ ಸೇನಾ ಆಸ್ಪತ್ರೆ ತಲುಪಿದರು. ಅಲ್ಲಿ ಗಾಯಗಳಿಗಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡದ್ದು ಭೇದಿ, ಕಾಲರಾ, ಟೈಫಸ್. ಮಡಿದವರ ಮನೆಯವರಿಗೆ ಅವರೇ ಪತ್ರ ಬರೆಯುತ್ತಿದ್ದರು. 1855ರ ಫೆಬ್ರುವರಿಯಲ್ಲಿ ಮರಣ ಪ್ರಮಾಣ ಶೇ 42ನ್ನು ಮುಟ್ಟಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಗೊಳಿಸಿ, ಗಾಳಿಯಾಡಲು ವ್ಯವಸ್ಥೆ ಮಾಡಿದ ಬಳಿಕ, ಜೂನ್ ವೇಳೆಗೆ ಅದು ಶೇ 2ರ ಆಸುಪಾಸಿಗೆ ಇಳಿಯಿತು. ಅಂದರೆ ಬಹುಪಾಲು ಸಾವುಗಳು ತಪ್ಪಿಸಬಹುದಾಗಿದ್ದವು.

ಈ ಅರಿವೇ ಅವರ ಪಾಲಿಗೆ ಹೊರಲಾರದ ಹೊರೆಯಾಯಿತು. 1856ರಲ್ಲಿ ಸ್ವದೇಶಕ್ಕೆ ಮರಳಿದ ಅವರು ಸಾರ್ವಜನಿಕ ಸ್ವಾಗತದಿಂದ ತಪ್ಪಿಸಿಕೊಂಡರು. ತಮ್ಮ ಶೋಕವನ್ನು ಅಂಕಿಅಂಶಗಳಿಗೆ ಒಪ್ಪಿಸಿದರು. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಿನೊಂದಿಗೆ ಸಾವುಗಳನ್ನು ಕಾರಣವಾರು ವಿಂಗಡಿಸಿ, ಚಿತ್ರಗಳ ಮೂಲಕ ಸರ್ಕಾರದ ಮುಂದಿಟ್ಟರು. ದುಃಖಕ್ಕೆ ಹೀಗೊಂದು ಪ್ರಯೋಜನ ದೊರೆತರೂ ದೇಹ ಸಹಕರಿಸಲಿಲ್ಲ. 1857ರ ಆಗಸ್ಟ್‌ನಲ್ಲಿ, 37ನೆಯ ವಯಸ್ಸಿನಲ್ಲಿ, ಅವರು ಕುಸಿದರು. ಮುಂದಿನ ಹಲವು ವರ್ಷ ಬಹುಮಟ್ಟಿಗೆ ಹಾಸಿಗೆಯಲ್ಲೇ ಕಳೆದರು; ಭಾರತದ ಸೇನಾ ನೈರ್ಮಲ್ಯದ ಕುರಿತ ಬರಹಗಳೂ ರೋಗಶಯ್ಯೆಯಿಂದಲೇ ಹೊರಟವು. ಯುದ್ಧಭೂಮಿಯಲ್ಲಿ ತಗುಲಿದ ಬ್ರೂಸೆಲೋಸಿಸ್ ಸೋಂಕು ಇದಕ್ಕೆ ಕಾರಣವಿರಬಹುದೆಂಬುದು ಇತ್ತೀಚಿನ ಕೆಲವು ವೈದ್ಯರ ಅಭಿಪ್ರಾಯ. ಆದರೆ ಬಿಡುವಿಲ್ಲದ ದುಡಿಮೆಯೂ ಕಡೆಗಣಿಸುವಂಥದ್ದಲ್ಲ.

ತಮ್ಮನ್ನು ದಂಡಿಸಿಕೊಂಡಂತೆಯೇ ಅವರು ಜೊತೆಗಾರರನ್ನೂ ದುಡಿಸಿದರು. ಆಪ್ತ ಮಿತ್ರ, ಸಚಿವ ಸಿಡ್ನಿ ಹರ್ಬರ್ಟ್ ಕಾಯಿಲೆ ಬಿದ್ದಾಗಲೂ ಸುಧಾರಣೆಯ ಕೆಲಸಕ್ಕೆ ಒತ್ತಾಯಿಸಿದರು. 1861ರಲ್ಲಿ ಹರ್ಬರ್ಟ್ ತೀರಿಕೊಂಡರು. ರೋಗಿಗಳ ಸಾವನ್ನು ಅಷ್ಟು ನಿಖರವಾಗಿ ಲೆಕ್ಕವಿಟ್ಟ ಮಹಾತಾಯಿಗೆ ಆರೈಕೆ ಮಾಡುವವರ ಸವಕಳಿ ಲೆಕ್ಕಕ್ಕೆ ಸಿಗಲಿಲ್ಲ. 1910ರಲ್ಲಿ, 90ನೆಯ ವಯಸ್ಸಿನಲ್ಲಿ, ಅವರು ನಿಧನರಾದರು.

ಆಡಳಿತದಲ್ಲಿ ವರ್ಷಗಳನ್ನು ಕಳೆದವನಿಗೆ ಈ ಬದುಕು ಕಲಿಸುವ ಪಾಠ ಎರಡು. ಸಾವಿನ ಕಾರಣವನ್ನು ಯಾರನ್ನೂ ದೂಷಿಸದೆ ಪರಿಶೀಲಿಸಿದರೆ ಶುಶ್ರೂಷಕರ ಮನಸ್ಸಿಗೂ ಸಮಾಧಾನವಿದೆ, ಮುಂದಿನ ರೋಗಿಗೂ ಲಾಭವಿದೆ. ಆದರೆ ಅಷ್ಟೇ ಸಾಲದು. ಸಾಕಷ್ಟು ಸಿಬ್ಬಂದಿ, ನಿಯಮಿತ ರಜೆ, ಸಾವಿನ ಬಳಿಕ ಒಟ್ಟಿಗೆ ಕುಳಿತು ಮಾತನಾಡಲು ಕಾಲಾವಕಾಶ, ಇವು ಔದಾರ್ಯವಲ್ಲ. ಆಸ್ಪತ್ರೆಯ ಆಯವ್ಯಯದಲ್ಲಿ ಔಷಧಿಯಷ್ಟೇ ಅಗತ್ಯವಾದ ಬಾಬತ್ತು.