ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ನಮ್ಮ ಮನೆಯ ಅರೆತಲೆನೋವು

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂತೆಂದರೆ ಮಂಗಳೂರಿಗೆ ಕರಕೊಂಡು ಹೋಗುವ ಮಾತು ಬಂದೇ ಬರುತ್ತದೆ. ಮಂಗಳೂರು ಅಂದರೆ ಹಲವರಿಗೆ ಕಂಕನಾಡಿ, ಕಂಕನಾಡಿ ಅಂದರೆ ಫಾದರ್ ಮುಲ್ಲರ್. ಆದರೆ ಈ ಮುಲ್ಲರ್ ಯಾರು ಅಂತ ಮಕ್ಕಳು ಕೇಳಿದರೆ ಆಸ್ಪತ್ರೆಯ ಹೆಸರು ಅಂತ ಹೇಳಿ ಸುಮ್ಮನಾಗುತ್ತೇವೆ. ಅವರೊಬ್ಬ ಮೇಷ್ಟ್ರು. ನನ್ನ ಹಾಗೆ ಪಾಠ ಹೇಳುವವರು ಅಂತ ಗೊತ್ತಾದ ಮೇಲೆ ಅವರ ಬಗ್ಗೆ ನನಗೆ ಆಸಕ್ತಿ ಹೆಚ್ಚಿತು.

ಅಗಸ್ಟಸ್ ಮುಲ್ಲರ್ ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತ್ಯದಲ್ಲಿ. ಯೇಸು ಸಭೆ ಸೇರಿ ಪಾದ್ರಿಯಾದರು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿಟ್ ಪಾದ್ರಿಗಳ ಮೊದಲ ತಂಡದಲ್ಲಿ ಅವರೂ ಇದ್ದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾದಾಗ ಅಲ್ಲಿ ಪಾಠ ಹೇಳಿದರು. ವೈದ್ಯ ಕಾಲೇಜಿನಲ್ಲಿ ಓದಿದ ಡಾಕ್ಟರ್ ಅವರಲ್ಲ. ಹೋಮಿಯೋಪಥಿಯ ಮೇಲೆ ಅವರಿಗೆ ದೊಡ್ಡ ನಂಬಿಕೆಯಿತ್ತು, ಔಷಧದ ಪೆಟ್ಟಿಗೆ ಹತ್ತಿರವೇ ಇರುತ್ತಿತ್ತು. ಅದೇ 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಬಡವರಿಗೆ ಮದ್ದು ಕೊಡಲು ಕೂತರು. ಇವತ್ತಿನ ಅಷ್ಟು ದೊಡ್ಡ ಕಟ್ಟಡಗಳಿಗೆ ಮೂಲ ಆ ಮರದ ನೆರಳು.

ಆಗಿನ ಕಾಲ ನೆನೆಸಿಕೊಳ್ಳಿ. ಹೊನ್ನಾವರದಿಂದ ಮಂಗಳೂರಿಗೆ ಹೋಗಬೇಕಾದರೆ ಶರಾವತಿಯಿಂದ ಗುರುಪುರ ಹೊಳೆಯವರೆಗೆ ದೋಣಿಯಲ್ಲೇ ದಾಟಬೇಕು, ಇಲ್ಲವೇ ಸಮುದ್ರದ ದಾರಿ. ಸರಕಾರವೂ ಬೇರೆ, ಇವರದ್ದು ಬೊಂಬಾಯಿ ಪ್ರಾಂತ್ಯ, ಅವರದ್ದು ಮದರಾಸು. ಮುಲ್ಲರ್ ಅಂಚೆಯಲ್ಲೂ ಔಷಧ ಕಳಿಸುತ್ತಿದ್ದರು, ಮಾರಿ ಬಂದ ದುಡ್ಡನ್ನು ಬಡವರ ಚಿಕಿತ್ಸೆಗೆ ಹಾಕುತ್ತಿದ್ದರು.

ಈ ಹೋಮಿಯೋಪಥಿಯನ್ನು ಹುಟ್ಟುಹಾಕಿದವರೂ ಜರ್ಮನಿಯವರೇ, ಸಾಮುಯೆಲ್ ಹಾನೆಮಾನ್. ಆರೋಗ್ಯವಂತನಿಗೆ ಯಾವ ಪದಾರ್ಥ ಯಾವ ತೊಂದರೆ ತರುತ್ತದೋ, ಅದನ್ನೇ ತೀರಾ ತೆಳು ಮಾಡಿ ಕೊಟ್ಟರೆ ಅಂಥ ತೊಂದರೆ ವಾಸಿಯಾಗುತ್ತದೆ ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಹೋಮಿಯೋಪಥಿಯವರು ಮದ್ದು ಕೊಡುವ ಮೊದಲು ಬಹಳ ಪ್ರಶ್ನೆ ಕೇಳುತ್ತಾರೆ. ನೋವು ಯಾವ ಬದಿಗೆ? ಎಷ್ಟು ಹೊತ್ತಿಗೆ ಶುರು? ಬಿಸಿಲಿಗೆ ಹೆಚ್ಚಾ, ಮಲಗಿದರೆ ಕಮ್ಮಿಯಾ? ಬಲಬದಿಯ ನೋವಿಗೆ ಸಾಂಗ್ವಿನೇರಿಯಾ, ಎಡಕ್ಕೆ ಸ್ಪೈಜೀಲಿಯಾ, ಬಿಸಿಲಿಂದ ಬಂದರೆ ಗ್ಲೊನೊಯಿನ್ ಅಥವಾ ನೇಟ್ರಮ್ ಮ್ಯೂರ್, ತಲೆ ಸಿಡಿದ ಹಾಗಾದರೆ ಬೆಲ್ಲಡೋನಾ, ವಾಂತಿ ಜೋರಿದ್ದರೆ ಐರಿಸ್. ಅರೆತಲೆನೋವಿನ ಮನೆಗಳಲ್ಲಿ ಈ ಹೆಸರುಗಳು ಹೊಸದಲ್ಲ.

ಅರೆತಲೆನೋವು, ಅಂದರೆ ಮೈಗ್ರೇನ್, ಗುರುತಿಸಲು ಆ ಪ್ರಶ್ನೆಗಳೇ ಅರ್ಧ ಕೆಲಸ ಮಾಡುತ್ತವೆ. ಹೆಚ್ಚಾಗಿ ತಲೆಯ ಒಂದು ಬದಿ ನಾಡಿ ಬಡಿದ ಹಾಗೆ ಕುಟ್ಟುತ್ತದೆ. ಮದ್ದು ಮಾಡದಿದ್ದರೆ 4 ಗಂಟೆಯಿಂದ 72 ಗಂಟೆವರೆಗೂ ಇರಬಹುದು. ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಆಗುವುದಿಲ್ಲ, ಮೆಟ್ಟಿಲು ಹತ್ತಿದರೆ ಜಾಸ್ತಿಯಾಗುತ್ತದೆ. ಕೆಲವರಿಗೆ ನೋವಿನ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆ ಓಡುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಸುಮಾರು ಮೂರು ಪಟ್ಟು ಹೆಚ್ಚು. ಮುಟ್ಟಿನ ದಿನಗಳ ಆಸುಪಾಸು ಬರುವುದೂ ಉಂಟು.

ಇಲ್ಲೊಂದು ಮಾತು ಹೇಳಲೇಬೇಕು. ನೀರು ಮಂತ್ರಿಸಿಕೊಳ್ಳಲು ಉಸ್ತಾದರ ಹತ್ತಿರ ಬರುವವರಲ್ಲಿ ಅರೆತಲೆನೋವಿನ ಹೆಂಗಸರು ಎಷ್ಟೋ. ಗಾಳಿ ಸೋಂಕು, ಕಣ್ಣು ಬಿದ್ದದ್ದು, ಕೆಲಸ ತಪ್ಪಿಸುವ ನೆಪ, ಹೀಗೆ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ದುಆ ಮಾಡಿಸಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಅರಬಿಯಲ್ಲಿ ಇದಕ್ಕೆ ಶಕೀಕ ಎಂಬ ಹೆಸರು ಮೊದಲಿಂದಲೇ ಇದೆ, ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ಇದನ್ನು ಕಾಯಿಲೆ ಅಂತಲೇ ಬರೆದಿದ್ದಾರೆ. ಪ್ರವಾದಿ(ಸ)ಯವರಿಗೇ ಶಕೀಕ ಬಂದು ತಲೆಗೆ ಹಿಜಾಮ ಮಾಡಿಸಿಕೊಂಡದ್ದು ಸಹೀಹ್ ಬುಖಾರಿಯಲ್ಲಿದೆ. ಹಾಗಿರುವಾಗ ಕತ್ತಲೆ ಕೋಣೆಯಲ್ಲಿ ಮಲಗಿದ ಸೊಸೆಗೆ ಈಮಾನ್ ಕಮ್ಮಿ ಅನ್ನಲು ಯಾರಿಗೆ ಹಕ್ಕಿದೆ?

ಮುಲ್ಲರ್ ವಿಷಯಕ್ಕೆ ಬರುವ. ಅವರು ಆಲದ ಮರದಡಿಯಲ್ಲೇ ನಿಲ್ಲಲಿಲ್ಲ. ಕುಷ್ಠರೋಗಿಗಳನ್ನು ಊರವರು ಹತ್ತಿರ ಸೇರಿಸದ ಕಾಲದಲ್ಲಿ, 1890ರಲ್ಲಿ, ಅವರಿಗೊಂದು ಆಶ್ರಯ ಕಟ್ಟಿದರು. ಪ್ಲೇಗ್ ಬಂದಾಗ 1902ರಲ್ಲಿ ಪ್ಲೇಗಿನ ಆಸ್ಪತ್ರೆ ಮಾಡಿದರು. ಕುಷ್ಠಕ್ಕಾಗಲಿ ಪ್ಲೇಗಿಗಾಗಲಿ ಆಗ ಯಾರ ಹತ್ತಿರವೂ ಸರಿಯಾದ ಮದ್ದಿರಲಿಲ್ಲ. ಮಲಗಲು ಜಾಗ, ಗಂಜಿ, ಗಾಯ ತೊಳೆಯುವ ಕೈ, ಅಷ್ಟಾದರೂ ಸಿಕ್ಕಿತು. ನನ್ನ ಲೆಕ್ಕದಲ್ಲಿ ಅವರ ದೊಡ್ಡತನ ಇರುವುದು ಅಲ್ಲಿ, ಸಕ್ಕರೆ ಗುಳಿಗೆಯಲ್ಲಿ ಅಲ್ಲ.

ಹೀಗೆ ಬರೆದರೆ ಕೆಲವರಿಗೆ ಬೇಜಾರಾಗಬಹುದು. ನಮ್ಮ ಉಮ್ಮನ ಡಬ್ಬಿಯಲ್ಲೂ ಆ ಬಿಳಿ ಗುಳಿಗೆಗಳಿದ್ದವು, ಅದರ ಸಿಹಿಗೆ ನಾವು ಕದ್ದು ತಿಂದದ್ದೂ ಇದೆ, ಏನೂ ಆಗಲಿಲ್ಲ! ಆದರೆ 2015ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಎಲ್ಲ ಅಧ್ಯಯನಗಳನ್ನು ತೂಗಿ ನೋಡಿ, ಯಾವ ಕಾಯಿಲೆಗೂ ಹೋಮಿಯೋಪಥಿ ಕೆಲಸ ಮಾಡುತ್ತದೆ ಅನ್ನಲು ನಂಬುವಂಥ ಪುರಾವೆ ಇಲ್ಲವೆಂದು ತಿಳಿಸಿತು. ಅರೆತಲೆನೋವು ತಾನಾಗಿ ಬಂದು ತಾನಾಗಿ ಇಳಿಯುವ ಕಾಯಿಲೆ. ಇಳಿಯುವ ಹೊತ್ತಿಗೆ ಬಾಯಲ್ಲಿದ್ದ ಗುಳಿಗೆಗೆ ಹೆಸರು ಬರುತ್ತದೆ. ಗುಳಿಗೆ ತಿನ್ನುವವರು ತಿನ್ನಲಿ, ಅದಕ್ಕಾಗಿ ಡಾಕ್ಟರ ಹತ್ತಿರ ಹೋಗುವುದನ್ನು ಮಾತ್ರ ಬಿಡಬಾರದು.

ಡಾಕ್ಟರಲ್ಲಿ ಈಗ ಮದ್ದಿದೆ. ನೋವು ಶುರುವಾದ ಕೂಡಲೇ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ತೆಗೆದುಕೊಂಡರೆ ಕೆಲವರಿಗೆ ಸಾಕಾಗುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಮತ್ತು ಬಸುರಿಯರಿಗೆ ಐಬುಪ್ರೊಫೆನ್ ಆಗದು. ಅದಕ್ಕೆ ಬಗ್ಗದಿದ್ದರೆ ಸುಮಾಟ್ರಿಪ್ಟಾನ್‌ನಂಥವು ಇವೆ, ಅವನ್ನು ಹೃದಯದ ಕಾಯಿಲೆ ಇರುವವರು ಮುಟ್ಟಬಾರದು. ತಿಂಗಳಿಗೆ ಹಲವು ಸಲ ಬರುವವರಿಗೆ ದಿನವೂ ತಿನ್ನುವ ತಡೆ ಮದ್ದುಗಳಿವೆ. ಪ್ರೊಪ್ರಾನೊಲಾಲ್ ಅಂಥದ್ದೊಂದು, ಆದರೆ ಅಸ್ತಮಾ ಇದ್ದವರಿಗೆ ಅದು ಆಗುವುದಿಲ್ಲ. ಅಂಗಡಿಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ, ಮಿಶ್ರ ಮಾತ್ರೆಯಾದರೆ 10 ದಿನ ತಿನ್ನುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದೆ. ಇದು ಎಷ್ಟೋ ಮನೆಯಲ್ಲಿ ಗೊತ್ತೇ ಇಲ್ಲ.

ತಡೆಯುವ ದಾರಿ ನಮ್ಮ ಕೈಯಲ್ಲೂ ಇದೆ. ನಿದ್ದೆ ಕೆಟ್ಟರೆ, ಊಟ ತಪ್ಪಿದರೆ, ನೀರು ಕಮ್ಮಿಯಾದರೆ, ಉರಿ ಬಿಸಿಲಿಗೆ ನಿಂತರೆ ಬರುತ್ತದೆ. ರಮಝಾನಿನ ಮೊದಲ ದಿನಗಳಲ್ಲಿ ಹಲವರಿಗೆ ತಲೆನೋವು ಬರಲು ಚಹಾ ಒಮ್ಮೆಲೇ ನಿಂತದ್ದೂ ಒಂದು ಕಾರಣ. ಶಅಬಾನ್‌ನಲ್ಲೇ ಒಂದೊಂದು ಲೋಟ ಇಳಿಸುತ್ತಾ ಬನ್ನಿ, ಸಹರಿ ತಪ್ಪಿಸಬೇಡಿ.

ಕಾಯಬಾರದ ತಲೆನೋವುಗಳೂ ಇವೆ. ಸಿಡಿಲು ಬಡಿದಂತೆ ಒಮ್ಮೆಲೇ ಬಂದದ್ದು, ಜ್ವರದೊಂದಿಗೆ ಕುತ್ತಿಗೆ ಬಿಗಿದದ್ದು, ಕೈಕಾಲು ಸೋತದ್ದು, ಮಾತು ತೊದಲಿದ್ದು, ಬಿದ್ದು ತಲೆಗೆ ಏಟಾದ ಮೇಲೆ ಬಂದದ್ದು. ಇವಕ್ಕೆ ಮಂಗಳೂರಿನ ತನಕ ಯೋಚಿಸದೆ ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಓಡಬೇಕು. ಐವತ್ತು ದಾಟಿದ ಮೇಲೆ ಮೊದಲ ಸಲ ತಲೆನೋವು ಶುರುವಾದರೆ ಅದನ್ನೂ ಬೇಗ ತೋರಿಸಿ.

ಮುಲ್ಲರ್ ತೀರಿಕೊಂಡದ್ದು 1910ರ ನವೆಂಬರ್ 1ರಂದು, 69ನೇ ವಯಸ್ಸಿನಲ್ಲಿ. ಅವರು ಶುರು ಮಾಡಿದ ಜಾಗದಲ್ಲಿ 1985ರಲ್ಲಿ ಹೋಮಿಯೋಪಥಿ ಕಾಲೇಜು ಬಂತು, ಈಗ ಅದು ದೇರಳಕಟ್ಟೆಯಲ್ಲಿದೆ. 1999ರಲ್ಲಿ ಕಂಕನಾಡಿಯಲ್ಲಿ ಎಂಬಿಬಿಎಸ್ ಕಾಲೇಜು ಬಂತು. ನರರೋಗದ ಡಾಕ್ಟರುಗಳು ಅಲ್ಲೇ ಕೂರುತ್ತಾರೆ.

ನಮ್ಮ ಕಡೆಯಿಂದ ಅರೆತಲೆನೋವಿಗೆ ತೋರಿಸಲು ಹೋಗುವವರು ಒಂದು ಸಣ್ಣ ಪುಸ್ತಕದಲ್ಲಿ ಎರಡು ತಿಂಗಳ ಲೆಕ್ಕ ಬರೆದು ಒಯ್ಯಿರಿ. ಯಾವ ದಿನ ಬಂತು, ಯಾವ ಬದಿ, ಎಷ್ಟು ಗಂಟೆ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಯಾವ ಮಾತ್ರೆ ತಿಂದದ್ದು. ಬೆಳಗ್ಗಿನ ಬಸ್ಸಾದರೆ ಸಮುದ್ರದ ಬದಿಯ ಸೀಟು ಹಿಡಿಯಿರಿ, ಆ ಕಡೆ ಬಿಸಿಲು ಬೀಳುವುದಿಲ್ಲ.